ತೌಡಿಗೆ ಹೋದ ಹೆಸರು

ದಕ್ಕಯ್ಯ ಅನ್ನುವ ಹೆಸರನ್ನು ನಮ್ಮ ಕೇರಿಯವರು ಯಾರೂ ಇಟ್ಟುಕೊಳ್ಳಕೂಡದು ಎಂದು ಚಿಕ್ಕಬಸಪ್ಪನವರ ಅಜ್ಜ ತೊಂಬತ್ತೈದು ವರ್ಷದ ಹಿಂದೆ ಕಟ್ಟು ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಯಾರೂ ಇಟ್ಟಿಲ್ಲ.

ಹೋದ ತಿಂಗಳು ಒಂದು ಮಂಗಳವಾರ ಚಿಕ್ಕಬಸಪ್ಪನವರ ಮಗ ನಂಜೇಶ್ ನಮ್ಮನ್ನು ಹುಡುಕಿಕೊಂಡು ಹೆಮ್ಮಿಗೆಗೆ ಬಂದ. ಅವರ ಊರು ಹುಲ್ಲಹಳ್ಳಿಯ ಆಚೆ. ನಮ್ಮಜ್ಜಿ ರಾಚಮ್ಮನ ತವರೂ ಅದೇ ಊರಿನ ಕೇರಿ. ಕಾರನ್ನು ಹಾಲಿನ ಡೈರಿ ಹತ್ತಿರವೇ ಬಿಟ್ಟು ನಡೆದು ಬಂದಿದ್ದ. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತನಾಲ್ಕು ವರ್ಷದ ಹೆಂಗಸು, ಮೂವತ್ತೈದರ ಹುಡುಗನನ್ನು ಕಂಡು ಎದ್ದು ನಿಂತಳು. ನಾನು ಸೆರಗು ಹಿಡಿದು ಕೂರಿಸಿದೆ. ಮತ್ತೆ ಎದ್ದಳು.

"ಚೆನ್ನಾಗಿದ್ದೀಯಾ ರಾಚಜ್ಜಿ? ಕೂತ್ಕೋ ಕೂತ್ಕೋ."

"ಏನ್ ಬುದ್ಧಿ, ಇಷ್ಟು ದೂರ? ಬಾಣ್ತಿ ಚೆಂದಾಗವ್ರಾ? ಮೊಗ ಆಯ್ತು ಅಂತ ಸುದ್ದಿ ಬಂತು."

"ಗಂಡು ಮಗು ಅಜ್ಜಿ. ಅದಕ್ಕೇ ಬಂದೆ."

ಪತ್ರಿಕೆ ಕೊಟ್ಟ. ಮದುವೆಯ ಪತ್ರಿಕೆಗಿಂತ ದಪ್ಪ, ಚಿನ್ನದ ಬಣ್ಣದ ಅಕ್ಷರ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ನನ್ನ ಕಡೆ ಚಾಚಿದಳು. ಅಜ್ಜಿಗೆ ಓದು ಬಾರದು. ನಾನು ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳು. ಮನೆಗೆ ಬಂದ ಕಾಗದವನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನದೇ.

ನಂಜನಗೂಡಿನ ಕಲ್ಯಾಣ ಮಂಟಪದಲ್ಲಿ ನಾಮಕರಣ. ದಿವ್ಯ ಸಾನ್ನಿಧ್ಯ ಸ್ವಾಮಿಗಳದು. ಒಳಪುಟದಲ್ಲಿ ಒಂದು ಚೌಕದೊಳಗೆ ಹೀಗಿತ್ತು: 'ನಮ್ಮ ವಂಶದ ಕುಡಿಗೆ ದಕ್ಕಯ್ಯ ಎಂಬ ಅಪರೂಪದ ನಾಮಧೇಯ. ಮೂಲ: ಸಂಸ್ಕೃತದ ದಕ್ಷ. ಅರ್ಥ: ಸಮರ್ಥನು, ಪ್ರಜಾಪತಿ. ವಿಶೇಷ: ಈ ಹೆಸರಿನವರು ಭಾರತದಲ್ಲಿ ಬೇರೆ ಯಾರೂ ಇಲ್ಲ.'

"ಇದನ್ನ ಯಾರು ಬರೆದದ್ದು ಸಾರ್?" ಅಂದೆ.

"ಮೈಸೂರಲ್ಲಿ ಒಬ್ರು ಇದ್ದಾರೆ, ಹೆಸರಿಗೆಲ್ಲ ಅರ್ಥ ನೋಡಿ ಕೊಡ್ತಾರೆ. ಈಗ ಎಲ್ರಿಗೂ ಇಂಥ ಹೆಸರೇ ಬೇಕು. ನಾನು ಗೂಗಲಲ್ಲಿ ಹುಡುಕ್ದೆ, ಫೇಸ್‌ಬುಕ್‌ನಲ್ಲಿ ಹುಡುಕ್ದೆ, ನಮ್ಮ ತಾಲ್ಲೂಕಿನ ವೋಟರ್ ಲಿಸ್ಟನ್ನೂ ತರಿಸಿ ನೋಡ್ದೆ. ಒಬ್ಬರೂ ಇಲ್ಲ ಗೊತ್ತಾ?"

"ಇರೋಕೆ ಬಿಟ್ಟಿದ್ದರೆ ತಾನೆ."

ಅವನಿಗೆ ಕೇಳಿಸಿತೋ ಇಲ್ಲವೋ, ಅಜ್ಜಿಗೆ ಕೇಳಿಸಿತು. ನನ್ನ ತೊಡೆ ಚಿವುಟಿದಳು.

"ಎರಡು ಸಲ ಬಿಂದುಗೆ ಹೊಟ್ಟೇಲಿ ನಿಲ್ಲಲಿಲ್ಲ ಅಜ್ಜಿ," ನಂಜೇಶ್ ದನಿ ಇಳಿಸಿ ಹೇಳಿದ. ಬಿಂದುಶ್ರೀ ಅವನ ಹೆಂಡತಿ. "ಇದು ಮೂರನೇದು. ಅವ್ವ ಒಂದೇ ಹಟ. ಆ ಹೆಸರೇ ಆಗಬೇಕು, ನಿಮ್ಮ ಮನೆ ಬಾಯಿಂದ್ಲೇ ಕರೀಬೇಕು ಅಂತ. ನಾನೇ ಬಂದು ಕಾರಲ್ಲಿ ಕರ್ಕೊಂಡು ಹೋಗ್ತೀನಿ."

"ನಿಮಗೂ ನಾನೇ ಕರ್ದಿದ್ದು ಬುದ್ಧಿ. ನೀವು ಮಡಿಕೊಳ್ನಿಲ್ಲ," ಅಂದಳು ಅಜ್ಜಿ, ನಗುತ್ತ.

ಅದು ನಿಜ. ಈ ನಂಜೇಶನೂ ಹುಟ್ಟಿದಾಗ ದಕ್ಕಯ್ಯನೇ. ಐದನೇ ಕ್ಲಾಸಿನಲ್ಲಿ ಕ್ರಿಕೆಟ್ ಆಡುವ ಹುಡುಗರು 'ಡಕ್ಕು, ಡಕ್ಕು' ಅಂದು ಅಳಿಸಿದರಂತೆ. ಅಪ್ಪನ ಕಾಲು ಹಿಡಿದು ಅಫಿಡವಿಟ್ ಮಾಡಿಸಿ ನಂಜೇಶ್ ಆದ. ಅಂದು ಹಳ್ಳಿ ಗಮಾರನ ಹೆಸರು. ಇಂದು ಭಾರತದಲ್ಲೇ ಅಪರೂಪದ ಹೆಸರು. ಬೇಡವಾದಾಗ ಕಳಚಿ ಎಸೆದರು, ಬೇಕಾದಾಗ ಎತ್ತಿಕೊಂಡರು. ನಮಗೆ ಮಾತ್ರ ಮುಟ್ಟುವ ಹಾಗಿಲ್ಲ.

ಆ ಹೆಸರಿಗೆ ಅರ್ಥ ಹುಡುಕಲು ಮೈಸೂರಿಗೆ ಹೋಗಬೇಕಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಎಳೆಗೂಸು ಉಳಿದರೆ ದಕ್ಕಿತು ಅಂತಾರೆ, ಸತ್ತರೆ ದಕ್ಕಲಿಲ್ಲ ಅಂತಾರೆ. ಅಷ್ಟೇ ಅರ್ಥ. ಅಜ್ಜಿಯ ಅಜ್ಜಿ, ಚಿಕ್ಕತಾಯಿ ಅಂತ ಹೆಸರು, ಊರಿಗೆಲ್ಲ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ. ಅವಳದೇ ಎರಡು ಕೂಸು ಮಣ್ಣಾದ ಮೇಲೆ ಮೂರನೆಯದು ಉಳಿಯಿತು. ಅದಕ್ಕೆ ದಕ್ಕ ಎಂದು ಕರೆದಳು. ಬರೀ ದಕ್ಕ. ಅಯ್ಯ ಸೇರಿಕೊಂಡದ್ದು ಆ ಹೆಸರು ಚಿಕ್ಕಬಸಪ್ಪನವರ ದೊಡ್ಡ ಮನೆ ಹೊಕ್ಕ ಮೇಲೆ.

ದಕ್ಕನಿಗೆ ಹತ್ತು ತಿಂಗಳಿರುವಾಗ ದೊಡ್ಡ ಮನೆಯಲ್ಲಿ ಗಂಡು ಮಗು ಹುಟ್ಟಿತು, ಚಿಕ್ಕಬಸಪ್ಪನವರ ಅಪ್ಪ. ಅದಕ್ಕೆ ಹಿಂದಿನ ನಾಲ್ಕೂ ಸತ್ತಿದ್ದವು. ಆಗಿನ ಪದ್ಧತಿ ಅಂದರೆ, ಇಂಥ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಡುವುದು, ಕೇರಿಯ ಹೆಂಗಸೊಬ್ಬಳು ಅದನ್ನು ತನ್ನದು ಅಂತ ಎತ್ತಿಕೊಳ್ಳುವುದು, ಆಮೇಲೆ ಹೆತ್ತವರು ಅವಳಿಗೆ ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳುವುದು. ಸಾವಿಗೆ ಕಣ್ಣು ಕಟ್ಟುವ ಉಪಾಯ. ದೊಡ್ಡವರ ಮಗು ಅಂತ ಬಂದರೆ ಇದು ಕೇರಿಯ ಮಗು ಅಂತ ತೋರಿಸುವುದು. ಕೇರಿಯ ಮಗುವನ್ನು ಹುಡುಕಿಕೊಂಡು ಬಂದರೆ ಏನು ಮಾಡಬೇಕು ಎಂದು ಯಾರೂ ಯೋಚಿಸಿರಲಿಲ್ಲ.

ಎಲ್ಲ ಕಡೆ ಈ ಕೊಳ್ಳುವ ಮಾರುವ ಆಟ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತಂತೆ. ಇವರು ಮೂರು ತಿಂಗಳು ನಡೆಸಿದರು. ಬಾಣಂತಿಗೆ ಹಾಲು ಬತ್ತಿತ್ತು. ಚಿಕ್ಕತಾಯಿಯನ್ನು ಕೊಟ್ಟಿಗೆಯಲ್ಲಿ ಇರಿಸಿಕೊಂಡು ಕೂಸಿಗೆ ಅವಳ ಎದೆಹಾಲು ಕುಡಿಸಿದರು. ಅವಳ ಮಗನ ಹೆಸರಲ್ಲೇ ಅದನ್ನು ಕರೆಸಿದರು. ಒಂದೇ ಎದೆಯಲ್ಲಿ ಎರಡು ಕೂಸು ಕುಡಿದರೆ ಮೋಸ ಗೊತ್ತಾಗಿಬಿಡುತ್ತದೆ ಅಂತ ಅವಳ ಸ್ವಂತ ದಕ್ಕನನ್ನು ಹತ್ತಿರ ಸೇರಿಸಲಿಲ್ಲ. ಅವನಿಗೆ ಅವಳ ಅತ್ತೆ ರಾಗಿ ಅಂಬಲಿ ಹಿಂಡಿ ಹಾಕಿದಳು. ಹತ್ತು ತಿಂಗಳ ಕೂಸು ನಲವತ್ತನೇ ದಿನ ಸತ್ತಿತು. ಸೂತಕ ಹೊತ್ತವಳು ಹಾಲು ಕೊಡಬಾರದಲ್ಲ, ಆದ್ದರಿಂದ ಅವಳಿಗೆ ಹೇಳಲಿಲ್ಲ. ಹೇಳಿದ್ದು ಎಲ್ಲ ಮುಗಿದು ತೌಡು ಕೊಟ್ಟು ಕಳಿಸುವ ದಿನ. ಅದೇ ದಿನ ಕಟ್ಟು ಮಾಡಿದರು: ಹೆಸರು ಈಗ ಈ ಮನೆಯದು, ಎರಡು ದಕ್ಕ ಇದ್ದರೆ ಯಮನಿಗೆ ಗೊಂದಲ, ಕೇರಿಯಲ್ಲಿ ಯಾರೂ ಇಡಕೂಡದು.

ನಮ್ಮಪ್ಪ ಹುಟ್ಟಿದಾಗ ಅಜ್ಜಿ ಆ ಹೆಸರು ಇಡಬೇಕು ಅಂತ ಆಸೆಪಟ್ಟಳು. ಮದುವೆಯಾಗಿ ಹೆಮ್ಮಿಗೆಗೆ ಬಂದಾಗಿತ್ತು, ತಾಲ್ಲೂಕೇ ಬೇರೆ, ನದಿಯೇ ಬೇರೆ. ಆದರೂ ಸುದ್ದಿ ಹೋಯಿತು. ದೊಡ್ಡ ಮನೆಯವರು ಕೇರಿಯ ಯಜಮಾನನನ್ನು ಕಳಿಸಿದರು. ಹಿಂದೆಯೇ ಅಜ್ಜಿಯ ತಾಯಿ, ಚಿಕ್ಕತಾಯಿಗೆ ದಕ್ಕನ ಆಮೇಲೆ ಹುಟ್ಟಿದ ಮಗಳು, ಬಂದು, ಅವರ ಗದ್ದೆಯಲ್ಲಿ ಕೆಲಸ ತಪ್ಪಿದರೆ ಇಡೀ ಕೇರಿಗೆ ಗಂಜಿ ಇಲ್ಲ, ಬೇಡ ಕಣವ್ವ, ಅಂತ ಅತ್ತಳಂತೆ. ಅಪ್ಪ ದೇವರಾಜು ಆದ. ಈ ಹೆಸರು ಯಾಕೆ ಅಪರೂಪ ಅಂತ ಪತ್ರಿಕೆಯ ಚೌಕದಲ್ಲಿ ಬರೆಯಬೇಕಾದದ್ದು ಇದು.

ನಂಜೇಶ್ ಹೋದ ಮೇಲೆ ನಾನು ಬಾಯಿ ಬಿಟ್ಟೆ.

"ಹೋಗಬೇಡ ಅಜ್ಜಿ."

"ಏಯ್, ಕೂಸು ಏನ್ ಮಾಡ್ತವ್ವ? ಎಲ್ಡು ಓಗಿ ಮೂರನೇದು ಉಳ್ದದೆ."

"ಚಿಕ್ಕತಾಯಿಯ ಕೂಸು ಏನು ಮಾಡಿತ್ತು?"

ಅಜ್ಜಿ ಅವರೆಕಾಯಿ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಿಲ್ಲ. ನನಗೆ ಆ ಮನೆಯವರ ಮೇಲಿದ್ದ ಸಿಟ್ಟಿಗಿಂತ ಇವಳ ಮೇಲಿನ ಸಿಟ್ಟು ಹೆಚ್ಚಾಯಿತು. ಭಾನುವಾರ ಭಾನುವಾರ ಲೈಬ್ರರಿಯಲ್ಲಿ ಹತ್ತು ಜನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ಓದಿ ವಾದ ಮಾಡುತ್ತೇನೆ, ಸಂವಿಧಾನದ ಪುಟ ಬಿಡಿಸಿ ತೋರಿಸುತ್ತೇನೆ. ನಮ್ಮ ಮನೆಯ ಜಗಲಿಯಲ್ಲಿ ಅವಳು 'ಬುದ್ಧಿ' ಅನ್ನುವುದನ್ನು ನಿಲ್ಲಿಸಲಾಗಲಿಲ್ಲ. ಅಪ್ಪನೂ ಅವಳ ಕಡೆಯೇ. "ಬುಡವ್ವ, ಪುಟ್ಟಲಕ್ಷ್ಮಿ. ಮೂರು ಮಾತು ಕರೆದು ಬತ್ತಾಳೆ. ಏನು ಗಂಟು ಓಯ್ತದೆ?" ಅಂದ.

ಮೂರನೆಯ ದಿನ ಅಜ್ಜಿ ತಾನಾಗೇ ನನ್ನ ಪಕ್ಕ ಬಂದು ಕೂತಳು. "ಓಯ್ತೀನಿ. ಆದ್ರೆ ಒಂದು ಕೇಳ್ತೀನಿ. ಅವ್ರು ಮೈಕಲ್ಲಿ ನಮ್ಮಜ್ಜಿ ಎಸರ ಏಳ್ಬೇಕು. ಚಿಕ್ಕತಾಯಿ ಅಂತ ಒಬ್ಬಳಿದ್ಲು, ಅವಳ ಮಗಂದು ಈ ಎಸರು ಅಂತ. ಅಷ್ಟೇಯ. ಬ್ಯಾರೆ ಏನೂ ಬ್ಯಾಡ ನಂಗೆ."

"ಹೇಳಲ್ಲ ಅಂದರೆ?"

"ಯಾಕೆ ಏಳಾಕಿಲ್ಲ? ಅದ್ಕೇನು ಕಾಸಾ?"

ನಾಮಕರಣದ ದಿನ ಬೆಳಿಗ್ಗೆ ಕಾರು ಬಂತು. ಅಜ್ಜಿಗೆ ಜೊತೆ ನಾನು. ನಂಜೇಶ್ ಗಾಡಿ ಓಡಿಸುತ್ತಿದ್ದ. ಅಜ್ಜಿ ಕಾರಿನ ಸೀಟಿನ ತುದಿಯಲ್ಲಿ, ಬಸ್ಸಿನಲ್ಲಿ ಕಂಡಕ್ಟರ್ ಎಬ್ಬಿಸಿಯಾನು ಅನ್ನುವ ಹಾಗೆ ಕೂತಿದ್ದಳು. ನರಸೀಪುರದ ಸೇತುವೆ ದಾಟಿದ ಮೇಲೆ ಮಾತು ತೆಗೆದಳು. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದಳು. ಎಷ್ಟು ಸಲ ಒಳಗೊಳಗೇ ಹೇಳಿಕೊಂಡಿದ್ದಳೋ.

"ಅಷ್ಟೇ ತಾನೆ ಅಜ್ಜಿ? ಅದೇನು ದೊಡ್ಡ ವಿಷಯ. ಹೇಳಿಸ್ತೀನಿ," ಅಂದ ನಂಜೇಶ್.

ಅಜ್ಜಿ ನನ್ನ ಕಡೆ ತಿರುಗಿ, ನೋಡಿದೆಯಾ, ಅನ್ನುವಂತೆ ಗಲ್ಲ ಎತ್ತಿದಳು. ಆಗ ಸೀಟಿಗೆ ಒರಗಿ ಕೂತಳು. ನನಗೂ ಒಂದು ಕ್ಷಣ ಅನ್ನಿಸಿತು, ಕಾಲ ಬದಲಾಗಿದೆ, ನಾನೇ ಸುಮ್ಮನೆ ಹಾರಾಡಿದೆ ಅಂತ. ಹಾಗೆ ಅನ್ನಿಸಿದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಕೋಪವಿದೆ.

ಮಂಟಪದ ಮುಂಬಾಗಿಲಲ್ಲಿ ಜನ ತುಂಬಿದ್ದರು. ಕಾರು ಅಲ್ಲಿ ನಿಲ್ಲಲಿಲ್ಲ. ಸುತ್ತಿಕೊಂಡು ಹೋಗಿ ಅಡುಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರ್ ಸಾಲಾಗಿ ನಿಲ್ಲಿಸಿದ್ದ ಕಡೆ ನಿಂತಿತು. "ಇಲ್ಲೇ ಇರಿ, ಮುಂದ್ಗಡೆ ಪಾರ್ಕಿಂಗ್ ಇಲ್ಲ," ಅಂದ ನಂಜೇಶ್. ನಾವು ಇಳಿದ ಮೇಲೆ ಕಾರನ್ನು ಮುಂದಕ್ಕೇ ಓಡಿಸಿಕೊಂಡು ಹೋದ.

ನಮಗೆ ಒಬ್ಬರು ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಒಳಗಿನ ಮೈಕು ಅಲ್ಲಿಗೂ ಕೇಳಿಸುತ್ತಿತ್ತು. ನಿರೂಪಕ ಪತ್ರಿಕೆಯ ಚೌಕವನ್ನೇ ರಾಗವಾಗಿ ಓದುತ್ತಿದ್ದ: ಮೂಲ ದಕ್ಷ, ಅರ್ಥ ಪ್ರಜಾಪತಿ. ಎಲೆ ಅಡಿಕೆ ಉಗಿಯಲು ಹೊರಗೆ ಬಂದಿದ್ದ ಇಬ್ಬರು ಮುದುಕರು ಗೋಡೆ ಪಕ್ಕ ನಿಂತಿದ್ದರು. ಹಣೆ ತುಂಬ ವಿಭೂತಿ. ಮನೆಯವರ ನೆಂಟರೇ ಇರಬೇಕು.

"ಯಾವ ದಕ್ಷ ಕಣ್ಲಾ ಅದು?" ಅಂದ ಒಬ್ಬ.

"ಅದೇ ಕಣೋ. ಯಜ್ಞಕ್ಕೆ ಶಿವನ್ನ ಕರೀದೇ ಓದವ್ನು. ವೀರಭದ್ರನ ಕೈಲಿ ತಲೆ ಕಡಿಸ್ಕೊಂಡು ಹೋತನ ತಲೆ ಮಡಗಿಸ್ಕೊಂಡನಲ್ಲ."

"ಥೂ. ಲಿಂಗ ಕಟ್ಟೋ ಮೊಗೀಗೆ ಅವನ ಎಸರಾ?"

"ಅಪರೂಪದ್ದು ಬೇಕಂತಲ್ಲ. ಯಾರೂ ಯಾಕೆ ಮಡಗಿಲ್ಲ ಅಂತ ಈಗ ಗೊತ್ತಾಯ್ತು ಬುಡು."

ಇಬ್ಬರೂ ಉಗಿದು ನಗುತ್ತ ಒಳಗೆ ಹೋದರು. ಅಜ್ಜಿಗೂ ನಗು ಬಂತು. ನನಗೆ ಬರಲಿಲ್ಲ. ಚಿಕ್ಕತಾಯಿಯ ಮಗನ ಹೆಸರು ಅಂತ ಒಪ್ಪಿಕೊಳ್ಳುವುದಕ್ಕಿಂತ, ತಮ್ಮ ದೇವರ ಹಗೆಯ ಹೆಸರು ಅಂತ ಹೇಳಿಕೊಳ್ಳುವುದು ಇವರಿಗೆ ಹಗುರವಾಯಿತು. ಸಂಸ್ಕೃತದಿಂದ ಬಂದರೆ ಸಾಕು, ಹೋತನ ತಲೆಯಾದರೂ ಆದೀತು.

ಸ್ವಲ್ಪ ಹೊತ್ತಿಗೆ ನಂಜೇಶನ ತಾಯಿ ಪುಟ್ಟಬಸಮ್ಮ ಬಂದರು, ಕೈಯಲ್ಲಿ ಹೊಸ ಮೊರ, ಅದರ ತುಂಬ ತೌಡು, ಮೇಲೆ ಒಂದು ಸೀರೆ. ಹಿಂದೆ ಬಿಂದುಶ್ರೀ ಮಗುವನ್ನು ಎತ್ತಿಕೊಂಡು. ಇನ್ನೂ ಇಪ್ಪತ್ತೈದು ದಾಟದ ಹುಡುಗಿ, ಒಡವೆಯ ಭಾರಕ್ಕೆ ಕುತ್ತಿಗೆ ಬಾಗಿತ್ತು. ಕೊನೆಗೆ ಚಿಕ್ಕಬಸಪ್ಪ. ಅವರ ಜೊತೆ ನಂಜೇಶ್, ಫೋನು ನೋಡುತ್ತ.

"ಬೇಗ ಮುಗಿಸು ರಾಚಿ," ಅಂದರು ಚಿಕ್ಕಬಸಪ್ಪ. ಅಜ್ಜಿಗಿಂತ ಐದಾರು ವರ್ಷ ಚಿಕ್ಕವರು. "ಮೂರು ಸಲ ಮೆಲ್ಲಗೆ ಕರೆದುಬುಡು. ಆಮೇಲೆ ಮುಂದುಗಡೆ ಸ್ವಾಮಿಗಳು ಕರೀತಾರೆ. ನೀನು ಊಟ ಮಾಡ್ಕೊಂಡು ಇಲ್ಲಿಂದ್ಲೇ ಹೊರಟುಬುಡು. ಯಾರಾದ್ರೂ ಕೇಳಿದ್ರೆ ಹಳೇ ಆಳಿನ ಕಡೆಯೋರು ಅನ್ನು, ಸಾಕು."

ಅಜ್ಜಿ ನಂಜೇಶನನ್ನು ನೋಡಿದಳು. "ಮೈಕ್ನೋರಿಗೆ ಏಳಿದ್ರಾ ಬುದ್ಧಿ?"

ನಂಜೇಶ್ ಫೋನಿನಿಂದ ತಲೆ ಎತ್ತಲಿಲ್ಲ. "ಆಗಲ್ಲ ಅಜ್ಜಿ. ಸ್ವಾಮಿಗಳಿದ್ದಾರೆ, ಬಿಂದು ಕಡೆಯೋರಿದ್ದಾರೆ. ಮೈಕಲ್ಲಿ ಅದೆಲ್ಲ ಹೇಳಿದ್ರೆ ಏನ್ ಚೆನ್ನಾಗಿರುತ್ತೆ? ನಿನಗೆ ಬೇರೆ ಏನಾದ್ರೂ ಬೇಕಾದ್ರೆ ಕೇಳು, ಕೊಡಿಸ್ತೀನಿ."

"ಕಾರಲ್ಲಿ ಆಯ್ತು ಅಂದ್ರಲ್ಲ ಸಾರ್," ಅಂದೆ.

"ಅಯ್ಯೋ, ಅಜ್ಜಿಗೆ ಬೇಜಾರಾಗಬಾರದು ಅಂತ ಅಂದೆ."

"ಏನು ಹೇಳಬೇಕಂತೆ?" ಬಿಂದುಶ್ರೀ ಕೇಳಿದಳು. ಅವಳಿಗೆ ಈ ಮನೆಯಲ್ಲಿ ಯಾರೂ ಏನೂ ಹೇಳಿಲ್ಲ ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ನಾನೇ ಹೇಳಿದೆ. ನಿಮ್ಮ ಯಜಮಾನರ ತಾತನಿಗೆ ಹಾಲು ಕೊಟ್ಟವಳು ಚಿಕ್ಕತಾಯಿ, ಆ ಹಾಲು ಸಿಗದೆ ಸತ್ತದ್ದು ಅವಳ ಮಗ ದಕ್ಕ, ಹೆಸರು ಅವನದು. ನಾಲ್ಕೇ ಮಾತು. ಬಿಂದುಶ್ರೀ ಮಗುವನ್ನು ಎದೆಗೆ ಒತ್ತಿಕೊಂಡಳು.

"ಹೌದಾ ಅತ್ತೆ?"

ಪುಟ್ಟಬಸಮ್ಮ ಮೊರದಲ್ಲಿದ್ದ ತೌಡನ್ನು ಕೈಯಲ್ಲಿ ಸಮ ಮಾಡುತ್ತ ನಿಂತರು.

"ಅದೆಲ್ಲ ಮುಗಿದ ಕತೆ," ಅಂದರು ಚಿಕ್ಕಬಸಪ್ಪ. "ಆಗ ಹಾಗೆ ನಡೀತಿತ್ತು. ಪುಕ್ಕಟೆ ಏನು ಇಸ್ಕೊಂಡಿಲ್ಲ. ತೌಡು ಕೊಟ್ಟವ್ರೆ, ಹೆಸರು ತಗೊಂಡವ್ರೆ. ಸರಿ ಹೋಯ್ತಲ್ಲ."

"ತೌಡ ನಮ್ಮಜ್ಜಿ ಅಟ್ಟಿಗೆ ತರ್ನಿಲ್ಲ," ಅಂದಳು ಅಜ್ಜಿ.

ಇದನ್ನು ನಾನೂ ಕೇಳಿರಲಿಲ್ಲ.

"ಅವತ್ತು ನಿಮ್ಮ ಬಾಗಲಿಂದ ಒಂಟ್ಲಲ್ಲ, ಆಗ್ಲೇ ಮಗ ಓದ ಸುದ್ದಿ ಏಳಿದ್ರಲ್ಲ, ಕಾಲ್ವೆ ಏರಿ ಮ್ಯಾಲೆ ನಿಂತ್ಕಂಡು ಮೊರಾನೇ ಬೋರ್ಲು ಮಾಡ್ಬುಟ್ಲಂತೆ. ಮೊರಾನೂ ನೀರಿಗೆ ಬುಟ್ಲು. ನಮ್ಮವ್ವ ಏಳ್ತಿದ್ಲು. ಈಸ್ಕೊಂಡ್ರಲ್ವಾ ಮಾರ್ದಂಗೆ?"

ಚಿಕ್ಕಬಸಪ್ಪನವರ ಮುಖ ಬಿಗಿಯಿತು. "ಏಯ್, ಈಗ ಪಂಚಾಯ್ತಿ ಬೇಡ. ಒಳಗೆ ಮುಹೂರ್ತ ಮೀರ್ತಾ ಅದೆ. ಕರಿ."

ಅಜ್ಜಿ ಬಿಂದುಶ್ರೀಯ ಕಡೆ ಕೈ ಚಾಚಿದಳು. ಹುಡುಗಿ ಕೊಟ್ಟಳು. ಅಜ್ಜಿ ಮಗುವನ್ನು ಮೊರದಲ್ಲಿ ಮಲಗಿಸಲಿಲ್ಲ. ತೋಳಲ್ಲೇ ಇಟ್ಟುಕೊಂಡು ಅದರ ಕಾಲು ನೀವಿದಳು, ಹೊಟ್ಟೆ ಮುಟ್ಟಿ ನೋಡಿದಳು, ನೆತ್ತಿಯ ಮೇಲೆ ಅಂಗೈ ಇಟ್ಟಳು. ಎಷ್ಟೋ ಕೂಸುಗಳನ್ನು ಹಿಡಿದ ಕೈ ಅದು. ಪುಟ್ಟಬಸಮ್ಮ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಇಷ್ಟು ವರ್ಷ ಬಗ್ಗಿದವಳು ಈಗಲೂ ಬಗ್ಗಿ ಅದರ ಕಿವಿಯಲ್ಲಿ ಹೇಳಿಯೇ ಬಿಡುತ್ತಾಳೆ, ನಾನು ಮನೆಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅಂದುಕೊಂಡೆ.

"ಚೆಂದಾಗದೆ ಕಣವ್ವ," ಅಂದಳು ಅಜ್ಜಿ ಬಿಂದುಶ್ರೀಗೆ. "ತೂಕ ಅದೆ. ಆಸ್ಪತ್ರೇಲಿ ಸೂಜಿ ಆಕ್ಸಿದ್ಯಾ?"

"ಹೂಂ ಅಜ್ಜಿ, ಎಲ್ಲಾ ಹಾಕ್ಸಿದ್ದೀವಿ."

"ನಿಂಗೆ ಆಲು ಅದಾ?"

"ಇದೆ."

"ಹಂಗಾದ್ರೆ ಇದು ಬದುಕ್ತದೆ. ಎಸರಿಂದ ಅಲ್ಲ ಕಣವ್ವ, ಆಲಿಂದ ಬದುಕ್ತದೆ. ಎದರ್ಕೋಬ್ಯಾಡ." ಮಗುವನ್ನು ತಾಯಿಯ ಕೈಗೆ ವಾಪಸು ಕೊಟ್ಟಳು.

"ಕರೀಲಿಲ್ಲವಲ್ಲ," ಅಂದರು ಪುಟ್ಟಬಸಮ್ಮ. "ರಾಚಮ್ಮ, ನಿನ್ನ ದಮ್ಮಯ್ಯ ಅಂತೀನಿ. ಎರಡು ಹೋಗವೆ ಕಣೆ. ಒಂದು ಸಲ ಕರಿ ಸಾಕು."

"ನೂರು ವರ್ಸ ಬಾಳ್ಲಿ ನಿಮ್ಮ ಮೊಮ್ಮಗ. ನಂಜುಂಡಪ್ಪನ ಎಸರು ಇಡಿ, ಮಾದಪ್ಪನ ಎಸರು ಇಡಿ, ಎಷ್ಟೋ ಅವೆ. ನಾನೇ ಕರೀತೀನಿ, ಬ್ಯಾಕಾದ್ರೆ. ಇದ ಬ್ಯಾಡ."

"ಒಳಗೆ ಸಾವಿರ ಜನಕ್ಕೆ ಪತ್ರಿಕೆ ಹಂಚಿದ್ದೀವಿ ಅಜ್ಜಿ," ನಂಜೇಶ್ ಫೋನನ್ನು ಜೇಬಿಗೆ ಹಾಕಿದ. "ಬ್ಯಾನರ್ ಆಗಿದೆ. ಕೇಕ್ ಮೇಲೆ ಬರೆಸಿದ್ದೀವಿ. ತಮಾಷೆ ಮಾಡಬೇಡ."

"ಕರಿ ರಾಚಿ," ಅಂದರು ಚಿಕ್ಕಬಸಪ್ಪ. ಈ ಸಲ ಜೋರಾಗಿ. ಅಡುಗೆಯವರು ಕೈಯಲ್ಲಿದ್ದ ಸೌಟು ನಿಲ್ಲಿಸಿ ತಿರುಗಿ ನೋಡಿದರು. "ನಾನು ಹೇಳ್ತಾ ಇವ್ನಿ. ಕರಿ."

ಅಜ್ಜಿ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಇಲ್ಲ ಚಿಕ್ಕಬಸಪ್ಪೋರೆ," ಅಂದಳು. "ನಾನು ಕರೆಯಾಕಿಲ್ಲ."